ನಮ್ಮಕ್ಕನ ಮದುವೆಗೆ ತಮ್ಮ ಕಂಪನಿ ಹಾಕಿದ ಮೂವತ್ತು ದಿನಗಳ ಗಡುವು

ಲೋಕದ ಅರ್ಧ ಕಂಪ್ಯೂಟರುಗಳನ್ನು ಕೂತಲ್ಲಿಂದಲೇ ಆಳುವ ಮಹಾಕಂಪನಿಯ ಅಧ್ಯಕ್ಷರಾದ ಮಾನ್ಯರೇ,

ಪರಾಗ್ವೇ ನದಿಯ ದಡದ ಪುವೆರ್ತೋ ಯಾತಾಯ್ ಊರಿನ ಸಮಸ್ತರ ಪರವಾಗಿ, ಸೊಳ್ಳೆಗಳನ್ನೂ ಬಿಡದೆ ಸೇರಿಸಿಕೊಂಡು, ತಮಗೆ ನಮಸ್ಕಾರಗಳು. ನಾನು ಇಲ್ಲಿನ ರೇಡಿಯೋ ಕಮಲೋತೆಯಲ್ಲಿ ಸಂದೇಶ ಓದುವವನು. ವಯಸ್ಸು ಹತ್ತೊಂಬತ್ತು, ಓದು ಒಂಬತ್ತನೇ ತರಗತಿಯ ಅರ್ಧ. ಮೇಷ್ಟ್ರು ಕೂಡುವಾಗ ತಪ್ಪಿ ಹೆಚ್ಚಾಗಿ ಕೊಟ್ಟ ಅಂಕಗಳನ್ನು ವಾಪಸು ಮಾಡಿ ಫೇಲಾದೆ, ಮತ್ತೆ ಆ ಕಡೆ ಹೋಗಲಿಲ್ಲ. ತಮ್ಮಿಂದ ಏನನ್ನೂ ಮುಚ್ಚಿಡಬಾರದೆಂದು ಇದನ್ನು ಹೇಳಿದೆ. ತಾವೂ ನಮ್ಮಿಂದ ಮುಚ್ಚಿಡಬಾರದೆಂಬುದೇ ಈ ಪತ್ರದ ಸಾರ.

ನದಿಯಾಚೆಯ ದನದ ಹಟ್ಟಿಗಳಿಗೆ ಫೋನು ಸಿಗುವುದಿಲ್ಲ. ಆದ್ದರಿಂದ ದಿನವೂ ಮಧ್ಯಾಹ್ನ, ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯದ ಸೋರೆಬುರುಡೆ ಕೈಯಿಂದ ಕೈಗೆ ದಾಟುತ್ತಿರುವಾಗ, ಯಾರಿಗೆ ಮಗು ಹುಟ್ಟಿತು, ಯಾರ ಅತ್ತೆ ಗುರುವಾರದ ದೋಣಿ ಹತ್ತಿದರು ಎಂಬುದನ್ನೆಲ್ಲ ನಾನು ಓದುತ್ತೇನೆ, ಹಟ್ಟಿಯವರು ಕೇಳುತ್ತಾರೆ. ರೇಡಿಯೋ ಹೇಳಿದ ಮೇಲೆ ಮುಗಿಯಿತು, ಮರುಮಾತಿಲ್ಲ.

ನನ್ನ ದನಿಯನ್ನು ಗಾಳಿಗೆ ಬಿಡುವ ಪೆಟ್ಟಿಗೆ ತಮ್ಮದು, ಪೂರ್ತಿ ಬೆಲೆ ಕೊಟ್ಟು ಕೊಂಡದ್ದು. ಅದನ್ನು ನಡೆಸಲು ನಮ್ಮ ಕಂಪ್ಯೂಟರಿನಲ್ಲಿರುವ ತಂತ್ರಾಂಶವನ್ನು ಕಳೆದ ತಿಂಗಳು ತಾವಾಗಿಯೇ ಬದಲಿಸಿ, ಅದರೊಳಗೆ ಒಬ್ಬ ಹೆಂಗಸನ್ನು ಕೂರಿಸಿದ್ದೀರಿ. ಎಂಥ ಮಧುರ ಕಂಠ, ಎಂಥ ಶಿಸ್ತು! ನಿಮಿಷಕ್ಕೊಮ್ಮೆ ನನ್ನ ಮಾತಿನ ನಡುವೆ ಬಂದು, "ಇದು ಪರೀಕ್ಷಾರ್ಥ ಮಾತ್ರ. ಮೂವತ್ತು ದಿನಗಳ ನಂತರ ನಿಲ್ಲುತ್ತದೆ. ಮುಂದುವರಿಸಲು ನಮ್ಮ ಕಚೇರಿಯನ್ನು ಸಂಪರ್ಕಿಸಿ" ಎನ್ನುತ್ತಾರೆ. ದೋನ್ಯಾ ಎದುವಿಹಿಸ್ ಅವರ ಗಂಡನ ಹೃದಯದ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿದ ಬೆನ್ನಿಗೇ ಹೀಗೆಂದದ್ದರಿಂದ, ಆಕೆ ಶವಪೆಟ್ಟಿಗೆಗೆಂದು ಬಡಗಿಗೆ ಗಂಡನ ಉದ್ದಗಲ ಹೇಳಿಕಳಿಸಿದ್ದಾರೆ.

ಅದನ್ನೂ ಸಹಿಸಿದೆವು. ಆದರೆ ನನ್ನ ಅಕ್ಕ ನಿಮಿಯಾ, ಆಚೆ ದಡದಲ್ಲಿ ದನ ಕಾಯುವ ತೆಯೋಫಿಲೋನನ್ನು ನಾಲ್ಕು ವರ್ಷ ಕಾಯಿಸಿ, ಕೊನೆಗೂ ಮದುವೆಗೆ ಒಪ್ಪಿ ಚೀಟಿ ಬರೆದುಕೊಟ್ಟಳು. ಅದನ್ನು ಓದಿ ನಾನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ತಮ್ಮ ಹೆಂಗಸು ಕರ್ತವ್ಯ ನೆರವೇರಿಸಿಬಿಟ್ಟರು. ತಿದ್ದುಪಡಿ ಓದಿದೆ. ಅದೂ ಪರೀಕ್ಷಾರ್ಥ ಎಂದರು.

"ನಾಲ್ಕ್ ವರ್ಷ ಯೋಚ್ನೆ ಮಾಡಿ ಒಂದ್ ಮಾತು ಹೇಳ್ದೆ, ಅದ್ಕೂ ಬಾಲ ಅಂಟಿಸ್ಬಿಟ್ಯಲ್ಲೋ ಕತ್ತೆ!" ಎಂದು ಅಕ್ಕ ನನ್ನ ಮೇಲೆ ಚಪ್ಪಲಿ ಎಸೆದಳು. ತೆಯೋಫಿಲೋ ದೋಣಿಯವನ ಕೈಲಿ, "ಮೂವತ್ ದಿನ ನೋಡಿ ವಾಪಸ್ ಕಳ್ಸೋಕೆ ನಾನೇನ್ ಎರವಲು ತಂದ ಕುದುರೇನಾ?" ಎಂದು ಕೇಳಿಕಳಿಸಿದ. ಅಕ್ಕ ಕಾಗದ ಬರೆದರೆ, ರೇಡಿಯೋದಲ್ಲಿ ಬರಲಿ, ಆಗ ನಂಬುತ್ತೇನೆ ಎಂದ. ಮೂವತ್ತನೆಯ ದಿನ ಬರುವ ಶನಿವಾರ. ಅಂದು ಪೆಟ್ಟಿಗೆಯೂ ಮೂಕವಾಗುತ್ತದೆ.

ಸಂತೆಯಲ್ಲಿ ತಮ್ಮ ತಂತ್ರಾಂಶದ ಬೀಗ ಮುರಿದ ಪ್ರತಿ ಸಿಗುತ್ತದೆ. "ತಗೊಳೋ ಮಾರಾಯ, ಪೊಲೀಸ್ ಠಾಣೇಲೂ ಇದೇ ಓಡ್ತಿರೋದು" ಎಂದ ಅಂಗಡಿಯವ. ಕದ್ದದ್ದು ಬೇಡವೆಂದು, ಮುಖ ಕಾಣದ ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶವನ್ನು ಹಾಕಿದೆ. ಹಳೆಯ ಕಂಪ್ಯೂಟರು ಕರುವಿನಂತೆ ನೆಗೆಯಿತು, ಪೆಟ್ಟಿಗೆ ಮಾತ್ರ ಬಾಯಿ ಬಿಡಲಿಲ್ಲ, ಏಕೆಂದರೆ ಅದರೊಡನೆ ವ್ಯವಹರಿಸುವ ಕ್ರಮವನ್ನು ತಾವು ಗುಟ್ಟಾಗಿಟ್ಟಿದ್ದೀರಿ. ನಮ್ಮಲ್ಲಿ ತೆರೆರೆಯ ಬುರುಡೆಯನ್ನು ಯಾರಿಗೂ ದಾಟಿಸದೆ ಒಬ್ಬನೇ ಹಿಡಿದು ಕೂತವನಿಗೆ ಜ್ವರ ಬಂದಿದೆಯೆಂದು ತಿಳಿಯುತ್ತೇವೆ. ತಮ್ಮ ಆರೋಗ್ಯ ಹೇಗಿದೆ?

ಆ ಕ್ರಮವನ್ನು ವಿವರಿಸುವ ಹಾಳೆಗಳನ್ನು ದಯವಿಟ್ಟು ಎಲ್ಲರಿಗೂ ತೆರೆದಿಡಿ, ಉಳಿದದ್ದನ್ನು ಆ ಪುಣ್ಯಾತ್ಮರು ಬರೆದುಕೊಳ್ಳುತ್ತಾರೆ. ಅವರಿಗೆ ಕೈಲಾದ ನೆರವನ್ನೂ ಕೊಡಿ. ಅದು ಸಾಧ್ಯವಿಲ್ಲವಾದರೆ ತಮ್ಮ ಹೆಂಗಸನ್ನೇ ಶುಕ್ರವಾರದ ದೋಣಿ ಹತ್ತಿಸಿ. ತೆಯೋಫಿಲೋನ ಮುಂದೆ ನಿಂತು, ಅಕ್ಕನ ಒಪ್ಪಿಗೆಗೆ ಕೊನೆಯ ದಿನಾಂಕವಿಲ್ಲವೆಂದು ಅದೇ ಮಧುರ ಕಂಠದಲ್ಲಿ ಹೇಳಲಿ. ಬಿಸಿ ಚಿಪಾ ರೊಟ್ಟಿ ಮಾಡಿಕೊಡುತ್ತೇವೆ, ಮಾಡುವ ವಿಧಾನವನ್ನೂ ಬರೆದುಕೊಡುತ್ತೇವೆ.

ಯಾವ ಗಡುವೂ ಇಲ್ಲದೆ ತಮ್ಮ ವಿಶ್ವಾಸಿ,
ಎಲಾದಿಯೋ ಗಾವಿಲಾನ್

ತಾ.ಕ.: ಪತ್ರ ಅಂಟಿಸುವಷ್ಟರಲ್ಲಿ ತೆಯೋಫಿಲೋನ ಸುದ್ದಿ ಬಂತು. "ನಾಲ್ಕ್ ವರ್ಷ ಕಾದೋನು ಮೂವತ್ ದಿನಕ್ಕೆ ಬಿಡ್ತೀನಾ? ಮುಂದುವರಿಸೋಕೆ ಕಚೇರಿ ಸಂಪರ್ಕಿಸಿ ಅಂದ್ರಲ್ಲ ಆ ಯಮ್ಮ, ಸಂಪರ್ಕಿಸ್ತಾ ಇದೀನಿ" ಎಂದು, ತಮಗೆ ಕೊಡಲು ಒಂದು ಕಡಸನ್ನು ದೋಣಿಗೆ ಹತ್ತಿಸಿಕೊಂಡು ರಾಜಧಾನಿಯ ತಮ್ಮ ಕಚೇರಿಗೆ ಹೊರಟೇಬಿಟ್ಟಿದ್ದಾನೆ. ಅದು ಮದುವೆಯೂಟಕ್ಕೆಂದು ಮೀಸಲಿಟ್ಟ ಕಡಸು. ಆದ್ದರಿಂದ ನಾನು, ಅಕ್ಕ, ಪಾದ್ರಿಗಳು ಮತ್ತು ನೂರಾ ನಲವತ್ತು ಜನ ನೆಂಟರು ಅದರ ಹಿಂದೆಯೇ ಬರುತ್ತಿದ್ದೇವೆ. ಶನಿವಾರ ಸೌದೆ ತಯಾರಿರಲಿ. ಕಡಸು ಒದೆಯುತ್ತದೆ. ಅದು ಪರೀಕ್ಷಾರ್ಥವಲ್ಲ.