ಗುಡ್ಡ ದಾಟಿದ ಹೆಸರು

ಇದ್ವಾಲ್ ಬಾಯಿ ತಪ್ಪಿ ಆಡಿದ ಒಂದೇ ಮಾತು ಇಷ್ಟಕ್ಕೆಲ್ಲ ಕಾರಣವಾಯಿತು. "ಮಗಳಿಗೆ ಹೆಸರು ನಾನೇ ಇಡ್ತೀನಿ" ಎಂದುಬಿಟ್ಟಿದ್ದ. ನಾಂಟ್‌ಗ್ವಿನ್ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸುವ ಅವನ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ದಿನ ಮಾತ್ರ ಹೆಂಡತಿ ಮೆರೆರಿದ್ ಮತ್ತು ಬಾಣಂತನಕ್ಕೆಂದು ಬಂದಿದ್ದ ಅತ್ತೆ ದಿಲಿಸ್ ಇಬ್ಬರೂ ಒಟ್ಟಿಗೇ ಕೇಳಿಸಿಕೊಂಡರು. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು.

"ಇಡಪ್ಪಾ, ಬೇಡ ಅಂದೋರ್ಯಾರು?" ಎಂದರು ಅತ್ತೆ. "ಆದ್ರೆ ಹಿತ್ತಲಲ್ಲಿ ನಿಂತು ಕರೆದ್ರೆ ಗುಡ್ಡದಾಚೆಗೂ ಕೇಳಿಸ್ಬೇಕು. ನಮ್ಮ ಕಾಲದ ಹೆಸರೆಲ್ಲ ಹಾಗೇ ಇದ್ವು. ನನ್ನ ಹೆಸರನ್ನೇ ನೋಡು."

ಮೆರೆರಿದ್‌ಳ ಷರತ್ತು ಬೇರೆಯೇ ಇತ್ತು. ಅವಳು ಚಿಕ್ಕವಳಿದ್ದಾಗ ಪಕ್ಕದ ಮನೆಯ ಹಸುವಿಗೂ ಮೆರೆರಿದ್ ಎಂದೇ ಹೆಸರು. ಶಾಲೆ ಮುಗಿಯುವ ತನಕ ಹುಡುಗರು ಅವಳನ್ನು ಕಂಡಲ್ಲೆಲ್ಲ 'ಅಂಬಾ' ಎಂದಿದ್ದರು.

"ನನ್ನ ಮಗಳಿಗೆ ಆ ಪಾಡು ಬರಬಾರ್ದು ಇದ್ವಾಲ್. ಈ ಕಣಿವೇಲಿ ನಾಲ್ಕು ಕಾಲಿರೋ ಯಾವ ಪ್ರಾಣಿಗೂ ಇಲ್ಲದ ಹೆಸರು ತಾ. ಆಗ್ಲಿಲ್ವಾ, ಅಮ್ಮ ಹೇಳ್ತಿರೋ ಹಾಗೆ ದಿಲಿಸ್ ಅಂತಲೇ ಇಡೋಣ." ಹೇಳುವಾಗ ಅವಳ ಕಣ್ಣು ತೇವವಾಗಿತ್ತು. ಅದನ್ನು ನೋಡಿ ಇದ್ವಾಲ್ ತಲೆಯಾಡಿಸಿದ. ಒಂದೇ ಮನೆಯಲ್ಲಿ ಇಬ್ಬರು ದಿಲಿಸರನ್ನು ನೆನೆದು ತಡಮಾಡದೆ ಟೋಪಿಯನ್ನೂ ಎತ್ತಿಕೊಂಡ.

ಹುಡುಕಲು ಹೊರಟರೆ ಚಂದದ ಹೆಸರುಗಳನ್ನೆಲ್ಲ ಪ್ರಾಣಿಗಳು ಆಗಲೇ ಬಾಚಿಕೊಂಡಿದ್ದವು. ಫ್ಲೂರ್ ಎಂದರೆ ಹಾಲಿನಂಗಡಿಯ ಬೆಕ್ಕು, ನೆಸ್ಟ್ ಎಂದರೆ ಪೋಸ್ಟಾಫೀಸಿನ ಮೇಕೆ, ಹೆಲೆದ್ ಎಂದರೆ ಪಬ್ಬಿನ ಬಾಗಿಲಲ್ಲಿ ಬಿದ್ದುಕೊಂಡಿರುವ ಮುದಿ ನಾಯಿ. ಕೊನೆಗೆ ಚಾಪೆಲ್ಲಿನ ಹಿಂದೆ ಪಾಚಿಗಟ್ಟಿದ ಒಂದು ಗೋರಿಕಲ್ಲಿನ ಮೇಲೆ ಅವನಿಗೆ ತನ್ನ ನಿಧಿ ಸಿಕ್ಕಿತು. ತಂಗ್ವೆನ್! ಶಾಂತಿ ಎಂಬ ಅರ್ಥವೂ ಅದರೊಳಗಿತ್ತು. ಈಗ ಬದುಕಿರುವ ಯಾರೂ ಆ ಹೆಸರಿನವರನ್ನು ಕಂಡಿರಲಿಲ್ಲ.

ಅವನು ಅದನ್ನು ಹೆಂಡತಿಗೂ ಹೇಳಲಿಲ್ಲ. ಹೊರಬಿದ್ದರೆ ಸಂಜೆಯೊಳಗೆ ಯಾವುದಾದರೂ ಕರುವಿಗೆ ಇಟ್ಟುಬಿಡುವ ಜನ. ಗುಡ್ಡಕ್ಕೆ ಮಾತ್ರ ಹೇಳಿದ. ದಿನವೂ ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು, ಊರಿನ್ನೂ ಮಲಗಿರುವಾಗಲೇ ಮೇಲೆ ಹತ್ತಿ, ಊರಿಗೆ ಬೆನ್ನು ಮಾಡಿ, ಬಾಯಿಗೆ ಎರಡೂ ಕೈ ಹಿಡಿದು, "ತಂ...ಗ್ವೆನ್!" ಎಂದು ಕೂಗಿ ನೋಡುತ್ತಿದ್ದ. ಹೆಸರು ಗಾಳಿಯನ್ನು ಸೀಳಿಕೊಂಡು ಆಚೆ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಆಮೇಲೆ ಜೇಬಿನಿಂದ ಅತ್ತೆ ಕಟ್ಟಿಕೊಟ್ಟ ಬಾರಾ ಬ್ರಿಥ್ ತೆಗೆಯುತ್ತಿದ್ದ. ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಅದು. ಬೇರೆಯವರ ಕೈಯಲ್ಲಿ ಮೆತ್ತಗಿರುತ್ತದೆ, ಅತ್ತೆಯ ಕೈಯಲ್ಲಿ ಇಟ್ಟಿಗೆಯಾಗುತ್ತದೆ. ಅದನ್ನು ಕಲ್ಲುಗೋಡೆಯಾಚೆ ಬೀಸಿ ಒಗೆದು, ಹಗುರಾಗಿ ಇಳಿದು ಬರುತ್ತಿದ್ದ. ನಾಮಕರಣ ಮುಗಿದ ಮರುದಿನವೇ ಅತ್ತೆ ಊರಿಗೆ ಹೊರಡುತ್ತಾರೆ ಎಂದು ಹಲ್ಲುಗಳಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದ.

ನಾಮಕರಣದ ಬೆಳಿಗ್ಗೆ ಕೊನೆಯ ಸಲ ಕೂಗಿ, ಅವಸರದಲ್ಲಿ ಬ್ರೆಡ್ಡು ಒಗೆಯುವುದನ್ನೇ ಮರೆತು ಇಳಿದು ಬಂದರೆ, ಪಕ್ಕದ ಮನೆಯ ಗ್ವಿಲಿಮ್ ಗೇಟಿಗೆ ಒರಗಿ ಕಾಯುತ್ತಿದ್ದ.

"ಏನೋ, ಹೆಸರೇನಿಟ್ಟೆ? ನನ್ನೊಬ್ಬನಿಗೆ ಹೇಳೋ."

"ಚಾಪೆಲ್ಲಲ್ಲೇ ಕೇಳು."

"ನಿಂಗಾದ್ರೂ ಸಿಕ್ತಲ್ಲ ಮಾರಾಯಾ! ನಾನೊಂದು ಕುರಿನಾಯಿ ಮರಿ ತಂದಿದೀನಿ. ಯಾವ ಹೆಸರಿಟ್ಟು ಕರೆದ್ರೂ ಕಿವಿ ಅಲ್ಲಾಡಿಸಲ್ಲ. ಬೆಳಗಾದ್ರೆ ಎಲ್ಲೋ ಮಾಯ. ಕಿವುಡೇನೋ ಅಂತ ಡಾಕ್ಟರಿಗೂ ತೋರಿಸ್ದೆ."

"ಪಾಪ" ಎಂದ ಇದ್ವಾಲ್, ನಿಜವಾಗಿಯೂ ಮರುಗಿ.

ಚಾಪೆಲ್ಲಿನ ಅಂಗಳದಲ್ಲಿ ಊರಿಗೆ ಊರೇ ಅವನ ಮೇಲೆ ಮುಗಿಬಿತ್ತು. "ಹೂವಿನ ಹೆಸರಾ?" ಎಂದು ಪೋಸ್ಟಾಫೀಸಿನ ಸಿಯಾನ್ ತೋಳು ಹಿಡಿದಳು. "ನಂಗಾದ್ರೂ ಹೇಳಪ್ಪಾ, ನಾಲಿಗೆ ಹೊರಳಿಸಿಕೊಂಡು ಸಿದ್ಧವಾಗಿರ್ತೀನಿ" ಎಂದು ಪಾದ್ರಿಗಳೂ ಗೋಗರೆದರು. ಇದ್ವಾಲ್ ತುಟಿ ಬಿಗಿದುಕೊಂಡು ಒಳಗೆ ಹೋದ.

ಸೆಕೆಗೆ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಪಾದ್ರಿಗಳು ಕೂಸನ್ನೆತ್ತಿಕೊಂಡು ಕೇಳಿದರು, "ಈ ಮಗುವಿನ ಹೆಸರೇನು?"

ಊರೆಲ್ಲ ಇದ್ವಾಲ್‌ನನ್ನೇ ನೋಡಿತು. ಅವನ ಕೈಗಳು ಅಭ್ಯಾಸಬಲದಿಂದ ತಾವಾಗಿಯೇ ಬಾಯಿಯ ಹತ್ತಿರ ಹೋದವು.

"ತಂ...ಗ್ವೆನ್!"

ಕಿಟಕಿಯ ಗಾಜು ಗಡಗಡ ಎಂದಿತು. ಆರ್ಗನ್ ನುಡಿಸುವಾಕೆ ಬೆಚ್ಚಿ ಎರಡೂ ಮೊಣಕೈಗಳನ್ನು ಕೀಲಿಮಣೆಯ ಮೇಲೆ ಊರಿದಳು. ಕೂಸು ಮಾತ್ರ ಅಳಲಿಲ್ಲ, ನಕ್ಕಿತು. "ಆಹಾ, ತಂಗ್ವೆನ್!" ಎಂದು ಬೆಂಚಿನಿಂದ ಬೆಂಚಿಗೆ ಹೆಸರು ಹರಿಯಿತು. ಮೆರೆರಿದ್ ಅವನ ಕೈ ಅದುಮಿದಳು. ಪಾದ್ರಿಗಳು ನೀರು ಚಿಮುಕಿಸಿದರು. ಜನ್ಮದಲ್ಲಿ ಮೊದಲ ಸಲ ಇದ್ವಾಲ್‌ನ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತು.

ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಕಪ್ಪು ಬಿಳುಪಿನ ನಾಯಿಮರಿಯೊಂದು ಬಾಣದಂತೆ ನುಗ್ಗಿ ಬಂತು. ನೇರ ಇದ್ವಾಲ್‌ನ ಮುಂದೆ ಕೂತು ಬಾಲ ಅಲ್ಲಾಡಿಸಿತು.

"ಅಯ್ಯೋ ಮಾರಾಯಾ!" ಗ್ವಿಲಿಮ್ ಎದ್ದು ನಿಂತ. "ಇದರ ಹೆಸರು ತಂಗ್ವೆನ್ನಾ? ಮೊದ್ಲೇ ಹೇಳಬಾರ್ದಿತ್ತಾ!"

ಮರಿ ಇದ್ವಾಲ್‌ನ ಜೇಬಿಗೆ ಮೂತಿ ತೂರಿಸಿ, ದಿನವೂ ಕಲ್ಲುಗೋಡೆಯಾಚೆ ಸಿಗುತ್ತಿದ್ದ ಬ್ರೆಡ್ಡಿನ ತುಂಡೊಂದನ್ನು ಎಳೆದು, ಕಟಂ ಎಂದು ಕಡಿಯಿತು.

"ಅದು ನಾನು ಮಾಡಿದ್ದಲ್ವಾ?" ಎಂದರು ಅತ್ತೆ. ಇದ್ವಾಲ್ ತನ್ನ ಬೂಟು ನೋಡಿಕೊಂಡ.

"ಇದ್ವಾಲ್, ನಾಯಿ ಹೆಸರು ಇಟ್ಟೆಯಾ?" ಮೆರೆರಿದ್‌ಳ ಧ್ವನಿ ಒಡೆಯಿತು.

"ಮುಗೀತಲ್ಲ. ಪಾದ್ರಿಗಳೇ, ದಿಲಿಸ್ ಅಂತ ಬರ್ಕೊಳ್ಳಿ" ಎಂದರು ಅತ್ತೆ.

ಸಿಯಾನ್ ಕೆಮ್ಮಿದಳು. ನಾಲ್ಕಾರು ಜನ ಗ್ವಿಲಿಮ್‌ನ ಕಡೆ ತಿರುಗಿದರು. ಗ್ವಿಲಿಮ್ ಚಾವಣಿ ನೋಡತೊಡಗಿದ.

"ಏನು ಗ್ವಿಲಿಮ್ ಮಾವ?" ಎಂದಳು ಮೆರೆರಿದ್.

"ಏನಿಲ್ಲಮ್ಮಾ... ಹೋದ ವಾರ ಒಂದು ಹಂದಿ ತಂದೆ. ಕೂಗಿದ್ರೆ ಗುಡ್ಡದಾಚೆಗೂ ಕೇಳಿಸುತ್ತೆ. ಅದಕ್ಕೇ ನಿಮ್ಮಮ್ಮನ ಹೆಸರಿಟ್ಟೆ. ಗೌರವದಿಂದಲೇ ಇಟ್ಟಿದ್ದು!"

ಮೊದಲು ನಕ್ಕವಳು ಮೆರೆರಿದ್. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಬಗ್ಗಿ ಮರಿಯ ತಲೆ ಸವರಿದಳು. "ಶಾಲೇಲಿ ಹುಡುಗರು ಬೊಗಳಿದ್ರೆ ಬೊಗಳ್ಲಿ. ಉತ್ತರ ಕೊಡೋಕೆ ನಿಜವಾದ ನಾಯಿ ಪಕ್ಕದಲ್ಲೇ ಇರುತ್ತಲ್ಲ. ನಂಗೆ ಹಾಗೆ ಯಾರೂ ಇರ್ಲಿಲ್ಲ. ತಂಗ್ವೆನ್ ಅಂತಲೇ ಇರ್ಲಿ."

ಜನ ಚಪ್ಪಾಳೆ ತಟ್ಟಿ, ಸೂರು ಹಾರುವಂತೆ ಹಾಡಿದರು. ಇದ್ವಾಲ್ ಮಗಳನ್ನೆತ್ತಿಕೊಂಡು ಪಟ್ಟಾಭಿಷೇಕವಾದವನ ಹಾಗೆ ಹೊರಬಂದ. ಗ್ವಿಲಿಮ್ ಅವನ ಇನ್ನೊಂದು ಕೈಗೆ ಮರಿಯ ಹಗ್ಗ ತುರುಕಿದ. "ನೀನು ಕರೆದ್ರೆ ಮಾತ್ರ ಬರೋದು ಕಣೋ. ನಿನ್ನ ಮಗಳಿಗೆ ನನ್ನ ಉಡುಗೊರೆ."

"ಇದಕ್ಕೆ ತಿನ್ನೋಕೆ ಏನು ಹಾಕ್ಲಿ?" ಎಂದ ಇದ್ವಾಲ್.

"ಅದರ ಚಿಂತೆ ನಿಂಗ್ಯಾಕಪ್ಪಾ?" ಹಿಂದಿನಿಂದ ಅತ್ತೆಯ ದನಿ ಬಂತು. "ನನ್ನ ಕೈರುಚಿ ಗೊತ್ತಿರೋ ಜೀವ ನಿಮ್ಮ ಮನೇಲಿ ಅದೊಂದೇ. ನಾನು ಊರಿಗೆ ಹೋಗಲ್ಲ, ಇಲ್ಲೇ ಇರ್ತೀನಿ. ದಿನಾ ಎರಡು ಮಾಡ್ತೀನಿ. ಒಂದು ಅದಕ್ಕೆ, ಒಂದು ನಿಂಗೆ. ನಿಂದು ಮಾತ್ರ ನನ್ನೆದುರಿಗೇ ಕೂತು ತಿನ್ಬೇಕು."

ಅವರು ಕೈಚೀಲದಿಂದ ದಪ್ಪನೆಯ ತುಂಡೊಂದನ್ನು ತೆಗೆದು ಅವನ ಬಾಯಿಯ ಹತ್ತಿರ ಹಿಡಿದರು. ಎರಡೂ ತಂಗ್ವೆನ್‌ಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದವು. ಇದ್ವಾಲ್ ಕಣ್ಣು ಮುಚ್ಚಿ ಕಚ್ಚಿದ.