ಮಾವನವರ ಮೊಪೆಡ್ಡಿನ ಸದ್ದು

ಬೆಳಗಿನ ಕಾಫಿ ಲೋಟವನ್ನು ಜಗಲಿಯ ಮೇಲೆ ಕುಕ್ಕಿ ನಾನು ಘೋಷಿಸಿದೆ: "ನಿಮ್ಮಪ್ಪನ ಮೊಪೆಡ್ಡು ಶೋರೂಮಿಂದ ಈಗಷ್ಟೇ ಇಳೀತು ಅನ್ನಂಗೆ ಮಾಡ್ದೆ ಹೋದ್ರೆ ನಾನು ಈ ಮನೆ ಅಳಿಯನೇ ಅಲ್ಲ ಕಣೇ!"

"ನೀವು ಅಳಿಯ ಅಲ್ದಿದ್ರೂ ಪರವಾಗಿಲ್ಲ, ಗಾಡಿ ಗಾಡಿಯಾಗೇ ಇರ್ಲಿ ಕಣ್ರೀ," ಎಂದಳು ಹೆಂಡತಿ ವರ್ಷಿಣಿ.

ಮಾವ ಶಂಭುಲಿಂಗಯ್ಯನವರು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಹಂದನಕೆರೆ ದಾರಿಯ ತೋಟದಲ್ಲಿ, ಅವರೇ ನೆಟ್ಟ ತೆಂಗಿನ ಪಕ್ಕ ಸಮಾಧಿ. ಮಣ್ಣಾದ ದಿನದಿಂದ ಅತ್ತೆ ಶಿವರುದ್ರಮ್ಮ ತೋಟಕ್ಕೆ ಕಾಲಿಟ್ಟಿಲ್ಲ. ನಮ್ಮ ಜೊತೆಗೇ ಇದ್ದಾರೆ, ಕರೆದರೆ ಉಣ್ಣುತ್ತಾರೆ. ಮಾತು ಮಾತ್ರ ಬತ್ತಿಹೋಗಿದೆ. ವರ್ಷದ ಪೂಜೆಗಾದರೂ ಬನ್ನಿ ಎಂದು ಗೋಗರೆದಾಗ ಒಂದೇ ಮಾತು ಹೇಳಿದ್ದರು: "ಅವರ ಗಾಡಿ ಮೇಲಾದ್ರೆ ಬತ್ತೀನಿ."

ಆ ಗಾಡಿಯೋ, ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಮಾವ ಇದ್ದಾಗಲೂ ಅದೇನು ಸುಖದ ವಾಹನವಲ್ಲ. ಕೆರೆ ಏರಿಯ ಮೇಲೆ ಬರುವಾಗಲೇ ಅದರ ಲಟಲಟ ಊರಿಗೆಲ್ಲ ಕೇಳುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ಅತ್ತೆ ಮುದ್ದೆಗೆ ಎಸರಿಡುತ್ತಿದ್ದರು.

ನಾನು ಗಾಡಿಯನ್ನು ಬಿಚ್ಚಿ, ಬಿಡಿಭಾಗಗಳನ್ನು ಕೊಬ್ಬರಿ ಚೀಲಕ್ಕೆ ತುಂಬಿ, ತಿಪಟೂರಿನ ಪೌಡರ್ ಕೋಟಿಂಗ್ ಶೆಡ್ಡಿಗೆ ಹೊತ್ತೊಯ್ದೆ. ಅಲ್ಲಿ ಬಣ್ಣದ ಪುಡಿ ಎರಚಿ ಒಲೆಯಲ್ಲಿ ಬೇಯಿಸುತ್ತಾರೆ. ಶೆಡ್ಡಿನ ಜ್ಞಾನೇಶ್ ಕೇಳಿದ: "ಬೋಲ್ಟ್ ತೂತುಗಳಿಗೆ ಬಿರಡೆ ಹೊಡೀಲಾ ಸಾ? ಇಲ್ದಿದ್ರೆ ಥ್ರೆಡ್ಡಿಗೆಲ್ಲ ಬಣ್ಣ ತುಂಬ್ಕೋತದೆ."

"ತುಂಬ್ಕೊಳ್ಳಲಿ ಕಣಪ್ಪ! ತೂತಿಗೂ ತುಕ್ಕು ಬರಬಾರದು!" ಎಂದೆ, ಸಾಮ್ರಾಜ್ಯದ ಗಡಿ ಗುರುತಿಸುವ ದೊರೆಯಂತೆ.

ಭಾಗಗಳು ಎಳನೀರಿನ ಹಸಿರು ಬಣ್ಣದಲ್ಲಿ ಮಿರಮಿರ ಮಿಂಚುತ್ತ ವಾಪಸಾದವು. ಆದರೆ ಯಾವ ತೂತಿಗೂ ಬೋಲ್ಟ್ ಮೂತಿ ತೂರಿಸಲೊಲ್ಲದು! ಒಳಗಿನ ಸುತ್ತುಗಳಲ್ಲೆಲ್ಲ ಬಣ್ಣ ಚಿಪ್ಪಿನಂತೆ ಗಟ್ಟಿಯಾಗಿ ಕೂತಿತ್ತು. ಮೊಳೆಯಿಂದ ಕೆರೆದೆ, ಮೊಳೆ ಬಾಗಿತು. ವರ್ಷಿಣಿಯ ಹೇರ್‌ಪಿನ್ ಕದ್ದು ಚುಚ್ಚಿದೆ, ಅದು ಮುರಿಯಿತು. ಕೊಬ್ಬರಿ ನಾಡಿನವನಿಗೆ ಸಕಲ ರೋಗಕ್ಕೂ ಎಣ್ಣೆಯೇ ಮದ್ದಲ್ಲವೆ? ಧಾರಾಳವಾಗಿ ಸುರಿದು, ಬೋಲ್ಟಿಗೆ ಸುತ್ತಿಗೆಯಿಂದ ಒಂದು ಬಿಟ್ಟೆ. ಅದು ಚಿಮ್ಮಿ, ಬಾಗಿಲು ದಾಟಿ, ಅಡುಗೆಮನೆಯಲ್ಲಿ ಮಾಯವಾಯಿತು.

ಒಳಗಿನಿಂದ ವರ್ಷಿಣಿಯ ದನಿ ಬಂತು: "ಬೋಲ್ಟು ಸಾರಲ್ಲಿ ಐತೆ ಕಣ್ರೀ. ಉಣ್ಣುವಾಗ ಸೈಜು ನೋಡ್ಕಳಿ."

ಕೊನೆಗೆ ಜ್ಞಾನೇಶ್‌ಗೆ ಫೋನ್ ಮಾಡಿದೆ. ಅವನು ನಕ್ಕು ಮುಗಿಸಿದ ಮೇಲೆ ಉಪಾಯ ಹೇಳಿದ. ಹಳೇ ಬೋಲ್ಟಿನ ಉದ್ದಕ್ಕೂ ಗರಗಸದಿಂದ ಒಂದು ಸೀಳು ಕೊಯ್ಯಬೇಕು. ಆ ಬೋಲ್ಟನ್ನು ತೂತಿಗಿಟ್ಟು ಅರ್ಧ ಸುತ್ತು ಮುಂದೆ, ಚೂರು ಹಿಂದೆ ತಿರುಗಿಸಬೇಕು. ಮಾಡಿದೆ. ಹಸಿರು ಪುಡಿ ಉದುರುತ್ತ ಒಂದೊಂದೇ ತೂತು ಬಾಯಿಬಿಟ್ಟಿತು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಎದೆ ಉಬ್ಬಿತ್ತು.

ಮಡ್‌ಗಾರ್ಡಿನ ತೂತು ಮಾತ್ರ ಬೇರೆಯೇ ಕಥೆ. ಅಲ್ಲಿ ಥ್ರೆಡ್ಡೇ ಸವೆದುಹೋಗಿತ್ತು. ಮಾವ ಬೋಲ್ಟಿಗೆ ತೆಂಗಿನ ನಾರು ಸುತ್ತಿ ತುರುಕಿದ್ದರು, ಮಡ್‌ಗಾರ್ಡು ಸದಾ ಅಲ್ಲಾಡುತ್ತಿತ್ತು. ಬಿಚ್ಚುವಾಗಲೇ ಆ ನಾರನ್ನು ತಿಪ್ಪೆಗೆ ಎಸೆದಿದ್ದೆ. ಇದೆಂಥ ರಿಪೇರಿ! ನಾನು ತೂತಿನೊಳಗೆ ಸುತ್ತು ಕೊರೆಯುವ ದೊಡ್ಡ ಟ್ಯಾಪ್ ತಂದು ಹೊಸ ಥ್ರೆಡ್ಡನ್ನೇ ಕೊಯ್ದೆ. ದಪ್ಪ ಬೋಲ್ಟ್ ಹಾಕಿ, ಉಸಿರು ಕಟ್ಟಿ ಬಿಗಿದೆ.

ಸಂಜೆ ಕೆರೆ ಏರಿಯ ಮೇಲಿಂದ ವಿಜಯಯಾತ್ರೆ ಹೊರಟಿತು. ಗಾಡಿ ಬೆಣ್ಣೆಯಂತೆ ಬಂತು. ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅತ್ತೆ, ಗಾಡಿ!"

"ಯಾರ್ದು?"

"ಅಪ್ಪಂದು ಕಣವ್ವ," ಎಂದಳು ವರ್ಷಿಣಿ.

ಅತ್ತೆ ಹಸಿರು ಬಣ್ಣವನ್ನೊಮ್ಮೆ ನೋಡಿದರು. "ಏರಿ ಮೇಲೆ ಕೇಳ್ನೇ ಇಲ್ವಲ್ಲ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ವರ್ಷಿಣಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಟ್ಟಿಗೆಗೆ ಹೋಗಿ ಒಂದು ಹಿಡಿ ನಾರು ತಂದು ನನ್ನ ಕೈಗಿಟ್ಟಳು.

ದಪ್ಪ ಬೋಲ್ಟ್ ತೆಗೆದೆ. ಹಳೆಯದಕ್ಕೆ ನಾರು ಸುತ್ತಿ ತುರುಕಿದೆ. ಏರಿಗೆ ಹೋಗಿ ಬಂದೆ. ದಪ್ಪ ಬಣ್ಣ ನಡುವೆ ಮೆತ್ತೆಯಂತೆ ಕೂತು, ಸದ್ದು ತೊಪ್ ತೊಪ್ ಎಂದಿತು. ಇನ್ನೊಂದು ಬೋಲ್ಟ್ ಸಡಿಲಿಸಿ ಮತ್ತೆ ಹೋದೆ. ಈ ಭೂಮಂಡಲದಲ್ಲಿ ಗಾಡಿಯನ್ನು ಕೆಡಿಸಲು ಬೆವರು ಸುರಿಸಿದ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು! ಆದರೂ ತೊಪ್ ತೊಪ್.

ಅತ್ತೆ ಈ ಸಲ ಎದ್ದು ಬಂದರು. ಗಾಡಿಯ ಹ್ಯಾಂಡಲ್ ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟರು. ನಮ್ಮ ಕಡೆ ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯನ್ನು ಹೀಗೆಯೇ ಅಲ್ಲಾಡಿಸಿ ನೋಡುವುದು. ಒಳಗಿನ ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು, ಸದ್ದು ಮಾಡುವ ತನಕ ಯಾರೂ ಕಾಯಿ ಒಡೆಯುವುದಿಲ್ಲ. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು.

"ಇನ್ನೂ ಹಸಿ ಐತೆ ಕಣಪ್ಪ," ಎಂದರು ಅತ್ತೆ, ನನಗೇ ಸಮಾಧಾನ ಹೇಳುವವರಂತೆ. "ಓಡಾಡ್ಸು, ಸವೀಲಿ. ಆಮೇಲೆ ಬತ್ತೀನಿ ಬುಡು."

ಬರುವ ಸೋಮವಾರ ವರ್ಷದ ಪೂಜೆಗೆ ನಾನು, ವರ್ಷಿಣಿ ಇಬ್ಬರೇ ಹೋಗುತ್ತೇವೆ. ಅದೇ ಮೊಪೆಡ್ಡಿನಲ್ಲಿ, ಡಾಂಬರು ರಸ್ತೆ ಬಿಟ್ಟು, ಗುಂಡಿಗಳಿರುವ ಹಳೇ ದಾರಿಯಲ್ಲಿ.