ಗೋಪಾಲಪ್ಪನವರ ಚಾನಲ್ ಲಾಂಚ್

ಇನ್ನು ಮುಂದೆ ನಾನು ಜನರನ್ನು ಹುಡುಕಿಕೊಂಡು ಹೋಗಿ ಹಾಡುವುದಿಲ್ಲ, ಜನರೇ ನನ್ನ ಹಾಡು ಹುಡುಕಿಕೊಂಡು ಬರಬೇಕು! ಹೋದ ಫೆಬ್ರವರಿಯ ಒಂದು ಬೆಳಿಗ್ಗೆ ಸಾಗರದ ನಮ್ಮ ಮನೆಯ ಹಾಲ್‌ನಲ್ಲಿ, ಹಾರ್ಮೋನಿಯಂ ಮೇಲೆ ಕೈಯಿಟ್ಟು ನಾನು ಹೀಗೊಂದು ಘೋಷಣೆ ಮಾಡಿದೆ. ಕೇಳಿಸಿಕೊಳ್ಳಲು ಇದ್ದವಳು ನನ್ನ ಹೆಂಡತಿ ಶೇಷಮ್ಮ ಒಬ್ಬಳೇ. ಅವಳು ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಬಂದವ್ರಿಗೆಲ್ಲ ಕಾಫಿ ಮಾಡೋದು ಯಾರು?" ಅಂದಳು.

ಬರುವುದು ಅಂದರೆ ಮನೆಗೆ ಬರುವುದಲ್ಲ, ಫೋನಿನೊಳಗೆ ಬರುವುದು ಎಂದು ತಿಳಿಹೇಳಿದೆ. ನನ್ನದೇ ಒಂದು ಚಾನಲ್. ಭಾನುವಾರ ಹನ್ನೊಂದು ಗಂಟೆಗೆ ನಾನಿಲ್ಲಿ ಬಾಯಿ ತೆರೆದರೆ ದುಬೈಯಲ್ಲಿದ್ದವನಿಗೂ ಕೇಳಿಸುತ್ತದೆ. "ಪಾಪ" ಅಂದಳು ಶೇಷಮ್ಮ. ದುಬೈಯವನಿಗೋ ನನಗೋ ಎಂದು ನಾನು ಕೇಳಲಿಲ್ಲ.

ನನ್ನ ಹಿನ್ನೆಲೆ ನಿಮಗೆ ಗೊತ್ತಿರಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ನಾನು ಹಾಡದ ಮದುವೆ ಛತ್ರವಿಲ್ಲ. ನಲವತ್ತು ವರ್ಷ ಹಾರ್ಮೋನಿಯಂ ಒತ್ತಿದ್ದೇನೆ. ನನ್ನ ಹಾಡು ಕೇಳುತ್ತಾ ಅಕ್ಷತೆ ಹಾಕಿಸಿಕೊಂಡವರ ಮಕ್ಕಳಿಗೂ ನಾನೇ ಹಾಡಿದ್ದೇನೆ. ಆಮೇಲೆ ಡಿಜೆ ಬಂತು. ಆರು ವರ್ಷದ ಹಿಂದೆ ತೀರ್ಥಹಳ್ಳಿಯ ಒಂದು ಆರತಕ್ಷತೆಯಲ್ಲಿ ನಾನು ಎರಡನೇ ಚರಣದಲ್ಲಿ ಇರುವಾಗಲೇ ಡಿಜೆಯವನು ಮೈಕಿನ ವೈರು ಕಿತ್ತು ತನ್ನ ಪೆಟ್ಟಿಗೆಗೆ ಸಿಕ್ಕಿಸಿಕೊಂಡ. ನನ್ನ ಬಾಯಿ ತೆರೆದೇ ಇತ್ತು, ದನಿ ಮಾತ್ರ ಹೋಗಿತ್ತು. ಸುಳ್ಳು ಯಾಕೆ ಹೇಳಲಿ, ಅವತ್ತು ಊಟದ ಎಲೆ ಮುಂದೆ ಕೂತು ಅತ್ತುಬಿಟ್ಟೆ. ಬಡಿಸುವವನು ಉಪ್ಪಿನಕಾಯಿ ಖಾರವಾಯಿತೆಂದು ತಿಳಿದು ಮಜ್ಜಿಗೆ ತಂದುಕೊಟ್ಟ. ಅಲ್ಲಿಂದೀಚೆಗೆ ಯಾರೂ ನನ್ನನ್ನು ಕರೆದಿಲ್ಲ.

ಕರೆಯದಿದ್ದರೆ ಬೇಡ, ಈಗ ನಾನೇ ಕರೆಯುತ್ತೇನೆ! ಶೇಷಮ್ಮನಿಗೆ ಇದರಲ್ಲಿ ತಕರಾರೇನೂ ಇರಲಿಲ್ಲ. ಅವಳ ತಕರಾರು ಹಾರ್ಮೋನಿಯಂ ಕೂತಿದ್ದ ಜಾಗದ ಬಗ್ಗೆ. ಕಿಟಕಿ ಪಕ್ಕದ ಬೆಳಕಿನ ಜಾಗ ಅದು, ಅಲ್ಲಿ ಹೊಲಿಗೆ ಮಿಷನ್ ಇಡಬೇಕೆಂದು ವರ್ಷಗಟ್ಟಲೆಯಿಂದ ಕಣ್ಣಿಟ್ಟಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ನನ್ನ ಹಾಡನ್ನು ನೂರು ಜನ ಕೇಳಿದರೆ ಹಾರ್ಮೋನಿಯಂ ಇದ್ದಲ್ಲೇ ಇರುತ್ತದೆ, ಒಬ್ಬ ಕಡಿಮೆಯಾದರೂ ಅಟ್ಟ ಹತ್ತುತ್ತದೆ. ನೂರು ಜನ ಯಾವ ಮಹಾ ಎಂದು ನಾನು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ.

ತಬಲಾಕ್ಕೆ ರಿಪ್ಪನ್‌ಪೇಟೆಯ ಹೂವಯ್ಯನವರು ಒಪ್ಪಿದರು. ನನಗಿಂತ ಎರಡು ವರ್ಷ ಹಿರಿಯರು, ಕಿವಿ ಸ್ವಲ್ಪ ಮಂದ. ಆದರೆ ತಾಳ ಅಂದರೆ ತಾಳ. ನಾನು ಏನೇ ಹಾಡಿಕೊಳ್ಳಲಿ, ಅವರು ತಮ್ಮ ತಾಳ ಬಿಡುವುದಿಲ್ಲ. ಶುಕ್ರವಾರವೇ ತಬಲಾ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಳಿದರು. ಅಕ್ಕಿ ಅಳೆಯುವ ಸೇರಿಗೆ ಫೋನನ್ನು ಆನಿಸಿಟ್ಟು ಒಂದು ಹಾಡು ರೆಕಾರ್ಡ್ ಮಾಡಿ ಕೇಳಿದೆವು. ತಬಲಾ ಕೇಳಿಸಿತು. ಒಳಗಿನಿಂದ ಶೇಷಮ್ಮ "ಹಾಲು ಉಕ್ತು" ಅಂದಿದ್ದು ಸ್ಪಷ್ಟವಾಗಿ ಕೇಳಿಸಿತು. ಹಾರ್ಮೋನಿಯಂ ಇಲ್ಲವೇ ಇಲ್ಲ! ಒಂದು ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು, ಸುತ್ತಲಿನ ಗಲಾಟೆಯನ್ನು ತೆಗೆದುಹಾಕುವ ಗುಂಡಿಯೊಂದು ಆನ್ ಆಗಿತ್ತು. ನನ್ನ ನಲವತ್ತು ವರ್ಷದ ಸಾಧನೆಯನ್ನು ಫೋನು ಗಲಾಟೆ ಎಂದು ತೀರ್ಮಾನಿಸಿತ್ತು. ಒಳ್ಳೆ ಕಂಪನಿ ಫೋನಿರಬೇಕು ಎಂದು ಶೇಷಮ್ಮ ಮೆಚ್ಚಿಕೊಂಡಳು.

ಇನ್ನು ಆಮಂತ್ರಣ. ಇದನ್ನು ನಾನೇ ಖುದ್ದಾಗಿ ಬರೆದೆ. "ಬರುವ ಭಾನುವಾರ ಬೆಳಿಗ್ಗೆ 11ಕ್ಕೆ ಸರಿಯಾಗಿ ಗೋಪಾಲಪ್ಪ ಮತ್ತು ಹೂವಯ್ಯನವರ ಹೊಸ ಚಾನಲ್ ಲಾಂಚ್. ಎಲ್ಲರಿಗೂ ಉಚಿತ. ತಪ್ಪದೆ ಬನ್ನಿ, ಬಂಧುಮಿತ್ರರನ್ನೂ ಕರೆತನ್ನಿ." ಓದಿ ನೋಡಿದರೆ ನನಗೇ ರೋಮಾಂಚನವಾಯಿತು. ಶೇಷಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಅಪಸ್ವರ ಎತ್ತಿದಳು.

"ಹಾಡು ಅಂತ ಎಲ್ಲೂ ಬರ್ದೇ ಇಲ್ವಲ್ಲ?"

"ಗೋಪಾಲಪ್ಪ ಅಂತ ಹೆಸರಿದ್ಮೇಲೆ ಹಾಡು ಅಂತ ಬೇರೆ ಬರೀಬೇಕೇನೇ?"

"ನಮ್ಮ ಕಡೆ ಕೇರಿಗೆ ಇಬ್ರು ಗೋಪಾಲಪ್ಪ ಇದಾರೆ" ಅಂದಳು. ಹಾಡುವ ಗೋಪಾಲಪ್ಪ ಒಬ್ಬನೇ ಎಂದು ನಾನು ಗುಂಡಿ ಒತ್ತಿಬಿಟ್ಟೆ. ನೆಂಟರ ಗುಂಪು, ಹಳೇ ವಿದ್ಯಾರ್ಥಿಗಳ ಗುಂಪು, ಅಡಿಕೆ ಧಾರಣೆಯ ಗುಂಪು, ಎಲ್ಲಕ್ಕೂ ಹೋಯಿತು. ಹಿನ್ನೀರಿನ ಆಚೆ ತುಮರಿ ಕಡೆ ಇರುವ ಶೇಷಮ್ಮನ ಅಣ್ಣ ಭೂತಪ್ಪನಿಗಂತೂ ಊರಿಗೆಲ್ಲ ಕಳಿಸು ಎಂದು ಬೇರೆಯಾಗಿ ಹೇಳಿದೆ. ಅವನು ಇಂಥ ಕೆಲಸದಲ್ಲಿ ಬಹಳ ಚುರುಕು. ಸಂಜೆಯೊಳಗೆ ಕೈ ಮುಗಿದ ಚಿತ್ರಗಳು ಬಂದವು, ಹೂವಿನ ಚಿತ್ರಗಳು ಬಂದವು, "ಇಷ್ಟು ದಿನಕ್ಕಾದರೂ ಆಯಿತಲ್ಲ, ಬಹಳ ಸಂತೋಷ" ಎಂದು ಪರಿಚಯವೇ ಇಲ್ಲದವರು ಬರೆದರು. ಜನ ನನ್ನನ್ನು ಮರೆತಿಲ್ಲ! ಹೂವಯ್ಯನವರಿಗೆ ಒಂದೊಂದನ್ನೂ ಎರಡೆರಡು ಸಲ ಗಟ್ಟಿಯಾಗಿ ಓದಿ ಹೇಳಿದೆ.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಜುಬ್ಬ ತೊಟ್ಟು, ಗಂಧ ಇಟ್ಟು ಲೈವ್ ಶುರು ಮಾಡಿದೆ. ಫೋನಿನ ಮೂಲೆಯಲ್ಲಿ ಒಂದು ಪುಟ್ಟ ಕಣ್ಣು, ಅದರ ಪಕ್ಕ ನೋಡುತ್ತಿರುವವರ ಸಂಖ್ಯೆ. ಒಂದು ಎಂದು ತೋರಿಸಿತು. ಅದು ಅಡುಗೆಮನೆಯಲ್ಲಿದ್ದ ಶೇಷಮ್ಮನ ಫೋನು. ನಾನೇ ಹಚ್ಚಿಟ್ಟಿದ್ದೆ. ಆಲಾಪನೆ ಮುಗಿಯುವಷ್ಟರಲ್ಲಿ ಎರಡಾಯಿತು. ನೋಡಿದರೆ ಹೂವಯ್ಯನವರ ಜೇಬಿನೊಳಗಿನಿಂದ ನನ್ನದೇ ದನಿ ಬರುತ್ತಿತ್ತು. ಪಲ್ಲವಿಗೆ ಮೂರಾಯಿತು. ಎದೆ ಹಿಗ್ಗಿತು. ಮೂರನೆಯದು ಶಿವಮೊಗ್ಗದಲ್ಲಿರುವ ಮಗಳು ರಕ್ಷಾ. "ಅಪ್ಪ, ನೀವು ಕಾಣ್ತಾ ಇಲ್ಲ, ಎದುರಿನ ಗೋಡೆ ಕಾಣ್ತಾ ಇದೆ" ಎಂದು ಬರೆದಳು. ಹಿಂದಿನ ಕ್ಯಾಮೆರಾ ಹಾಕಿಕೊಂಡು ಕೂತಿದ್ದೆ.

ಫೋನು ತಿರುಗಿಸಿ ಎರಡನೇ ಹಾಡು ಹಿಡಿದೆ. ಮೂರು ಮೂರಾಗಿಯೇ ಉಳಿಯಿತು. ಅಟ್ಟದ ಏಣಿ ಕಣ್ಣ ಮುಂದೆ ಬಂದು ನಿಂತಿತು. ಅಷ್ಟರಲ್ಲಿ ಭೂತಪ್ಪನ ಫೋನು ಬಂತು, ಲೈವ್ ನಿಂತೇಹೋಯಿತು.

"ಎಲ್ಲಿದೀರಾ ಭಾವಾ? ಜನ ಕಾಯ್ತಾ ಇದಾರೆ."

"ಎಲ್ಲಿ ಕಾಯ್ತಾ ಇದಾರೆ?"

"ಹೊಳೆಬಾಗಿಲಲ್ಲಿ. ಲಾಂಚ್ ಅಂದ್ಮೇಲೆ ಇನ್ನೆಲ್ಲಿ ಕಾಯ್ತಾರೆ?"

ಸಾಗರದ ಆಚೆಯ ಓದುಗರಿಗೆ ಒಂದು ಮಾತು. ಬೇರೆ ಊರಿನಲ್ಲಿ ಸಿನಿಮಾ ಲಾಂಚ್ ಆಗುತ್ತದೆ, ಫೋನು ಲಾಂಚ್ ಆಗುತ್ತದೆ. ನಮ್ಮ ಕಡೆ ಲಾಂಚ್ ಅಂದರೆ ಒಂದೇ, ಹೊಳೆಬಾಗಿಲಿನಿಂದ ಜನ, ಜೀಪು, ಬಸ್ಸುಗಳನ್ನು ಹೊತ್ತು ಸಿಗಂದೂರಿನ ದಡಕ್ಕೆ ಹಿನ್ನೀರು ದಾಟಿಸುತ್ತಿದ್ದ ದೊಡ್ಡ ದೋಣಿ. ಈಗ ಸೇತುವೆಯಾಗಿದೆ. ಆದರೂ ಅರ್ಧ ಶತಮಾನ ಲಾಂಚಿನಲ್ಲೇ ಮದುವೆಗೆ ಹೋಗಿ, ಲಾಂಚಿನಲ್ಲೇ ಬಾಣಂತಿಯನ್ನು ಕರೆತಂದವರಿಗೆ ಅದರ ಮೇಲಿನ ಆಸೆ ಹೋಗಿಲ್ಲ. ಚಾನಲ್ ಅಂದರೆ ನೀರಿನ ದಾರಿ ಎಂದು ಎಲ್ಲರಿಗೂ ಗೊತ್ತೇ ಇದೆ. ಹೊಸ ಚಾನಲ್, ಲಾಂಚ್, ಹನ್ನೊಂದು ಗಂಟೆ, ಉಚಿತ! ಗೋಪಾಲಪ್ಪ, ಹೂವಯ್ಯ ಎಂಬ ಇಬ್ಬರು ಪುಣ್ಯಾತ್ಮರು ಹೊಸ ದಾರಿಯಲ್ಲಿ ಲಾಂಚ್ ಬಿಡುತ್ತಿದ್ದಾರೆ ಎಂದು ಆ ಕಡೆಯ ಜನ ತಿಳಿದುಕೊಂಡಿದ್ದರು. ಹಾಗೆ ತಿಳಿದವರಲ್ಲಿ ಮೊದಲನೆಯವನು ಭೂತಪ್ಪನೇ.

ಒಳ್ಳೆಯವನಾಗಿದ್ದರೆ ಅಲ್ಲೇ ಕ್ಷಮೆ ಕೇಳುತ್ತಿದ್ದೆ. ನಾನು ಕೇಳಿದ್ದು ಎಷ್ಟು ಜನ ಇದ್ದಾರೆ ಅಂತ. ನೂರರ ಮೇಲೆ ಇದ್ದಾರೆ ಎಂದ. ನೂರರ ಮೇಲೆ! ಅದು ಹಾಡಿನ ಕಾರ್ಯಕ್ರಮ, ಗೋಪಾಲಪ್ಪನವರೇ ಎದುರಿಗೆ ಬಂದು ಹಾಡುತ್ತಾರೆ ಎಂದು ಎಲ್ಲರಿಗೂ ಹೇಳು, ಯಾರನ್ನೂ ಕಳಿಸಬೇಡ ಎಂದು ಭೂತಪ್ಪನಿಗೆ ಆಜ್ಞೆ ಮಾಡಿ, ಹಾರ್ಮೋನಿಯಂ, ತಬಲಾ, ಹೂವಯ್ಯನವರನ್ನು ನಮ್ಮ ಹಳೇ ಓಮ್ನಿಗೆ ತುಂಬಿದೆ. ಶೇಷಮ್ಮ ಲೆಕ್ಕದ ಸಾಕ್ಷಿಯಾಗಿ ತಾನೇ ಮುಂದೆ ಹತ್ತಿದಳು. ಅಷ್ಟು ಹೊತ್ತು ಜನ ಎಲ್ಲಿ ಇರುತ್ತಾರೆ ಎಂದು ಹೂವಯ್ಯನವರಿಗೆ ಅನುಮಾನ. ಲಾಂಚಿಗೆ ಎರಡೆರಡು ತಾಸು ಕಾದು ಪಳಗಿದ ಜನ ಅವರು, ಇರುತ್ತಾರೆ ಎಂದು ಶೇಷಮ್ಮ ಹೇಳಿದಳು.

ಹೌದು, ಇದ್ದರು. ಒಬ್ಬರೂ ಕದಲಿರಲಿಲ್ಲ. ಮಕ್ಕಳಿಗೆ ಟೋಪಿ ಹಾಕಿಸಿ, ಬುತ್ತಿ ಕಟ್ಟಿಕೊಂಡು, ಹೆಂಗಸರು ಅಬ್ಬಲಿಗೆ ಮುಡಿದು ಬಂದಿದ್ದರು. ಭೂತಪ್ಪನ ಕೈಯಲ್ಲಿ ಒಂದು ಹಾರ, ಎರಡು ತೆಂಗಿನಕಾಯಿ. ಹಾರವನ್ನು ನನ್ನ ಕೊರಳಿಗೆ ಹಾಕಿದ. ಹಾಕುವಾಗ ಅವನು ನನ್ನ ಮುಖ ನೋಡಲಿಲ್ಲ, ಅದು ಆಗ ನನಗೆ ಹೊಳೆಯಲಿಲ್ಲ. ಶೇಷಮ್ಮ ಬೆರಳು ತೋರಿಸಿ ಎಣಿಸಿದಳು. ನೂರಾ ನಲವತ್ತೇಳು! ಹಸುಗೂಸುಗಳನ್ನು ಬಿಟ್ಟು.

ದಡದ ಮರದ ನೆರಳಿನಲ್ಲಿ ಜಮಖಾನ ಹಾಸಿ ಕೂತು ಹಾಡಿದೆ. ಎಂಥ ನಿಶ್ಶಬ್ದ! ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ಹಾಡು ಮುಗಿಯಿತು ನೋಡಿ, ನೂರಾ ನಲವತ್ತೇಳು ಜನವೂ ಚೀಲಗಳನ್ನು ಕೈಗೆತ್ತಿಕೊಂಡು ಒಟ್ಟಿಗೆ ಎದ್ದು ನಿಂತರು. ಎದ್ದು ನಿಂತು ಗೌರವ! ದೊಡ್ಡ ದೊಡ್ಡ ವಿದ್ವಾಂಸರಿಗೆ ಮಾತ್ರ ಸಿಗುವುದು. ಈ ಪ್ರೀತಿಗೆ ಹೇಗೆ ಸುಮ್ಮನಿರಲಿ, ಎರಡನೇ ಹಾಡು ಎತ್ತಿಕೊಂಡೆ. ಎಲ್ಲರೂ ಕೂತರು. ಅದು ಮುಗಿದಾಗ ಮತ್ತೆ ಎದ್ದರು. ಮೂರನೆಯದಕ್ಕೆ ಕೂತರು, ಮುಗಿದಾಗ ಎದ್ದರು. ನಡುನಡುವೆ ನೀರಿನ ಕಡೆ ದೂರ ದೃಷ್ಟಿ ನೆಟ್ಟು ಎಲ್ಲೋ ಕಳೆದುಹೋಗುತ್ತಿದ್ದರು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತೀರ್ಥಹಳ್ಳಿಯ ಆ ವೈರಿನ ನೋವು ಅವತ್ತು ನನ್ನ ಎದೆಯಿಂದ ಇಳಿದುಹೋಯಿತು. ಆ ಖುಷಿಯಲ್ಲಿ ಒಟ್ಟು ಏಳು ಹಾಡು ಹಾಡಿ ಮಂಗಳ ಹೇಳಿದೆ. ಮಂಗಳ ಕೇಳಿದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ. ಹೂವಯ್ಯನವರ ಕಿವಿಗೂ ಕೇಳಿಸಿತು.

ನಾನು ನೇರ ಅಜ್ಜಿಯ ಹತ್ತಿರ ಹೋಗಿ ಕೂತೆ.

"ಯಾವ ಹಾಡಿಗೆ ಕಣ್ಣಲ್ಲಿ ನೀರು ಬಂತು ಅಜ್ಜಿ?"

"ಬಿಸಿಲು ಮರಾಯ" ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ನಯವಾಗಿ, "ಪ್ರಾರ್ಥನೆ ಚೆಂದ ಆಯ್ತು ತಮಾ. ಆದ್ರೂ ಪ್ರಾರ್ಥನೆ ಅಂದ್ರೆ ಒಂದು ಹಾಡು ಸಾಕು. ನೀನು ಒಂದಾದ್ಮೇಲೆ ಒಂದು ಹೇಳ್ತಾನೇ ಹೋದೆ. ಇನ್ನಾದ್ರೂ ಲಾಂಚ್ ಬಿಡಿ" ಎಂದಳು.

ಭೂತಪ್ಪನ ಕಡೆ ತಿರುಗಿದೆ. ಅವನು ತೆಂಗಿನಕಾಯಿ ಸಮೇತ ನಾಪತ್ತೆ! ಅಷ್ಟು ಜನರ ಎದುರು ಲಾಂಚ್ ಇಲ್ಲ ಎನ್ನಲು ಅವನಿಗೆ ಧೈರ್ಯ ಬರಲಿಲ್ಲವಂತೆ. ಲಾಂಚಿನವರು ಸಾಗರ ಬಿಟ್ಟಿದ್ದಾರೆ, ಬಂದ ಕೂಡಲೇ ಪ್ರಾರ್ಥನೆ, ಆಮೇಲೆ ಉದ್ಘಾಟನೆ ಎಂದು ಹೇಳಿ ಕೂರಿಸಿದ್ದನಂತೆ. ಕೊನೆಗೆ ನಾನೇ ಎದ್ದು ನಿಂತು, ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಡೆದದ್ದನ್ನೆಲ್ಲ ಒಪ್ಪಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬಿದ್ದು ಬಿದ್ದು ನಕ್ಕರು. ಅಜ್ಜಿ ಎಲ್ಲರಿಗಿಂತ ಜಾಸ್ತಿ ನಕ್ಕಳು. ಬುತ್ತಿ ಬಿಚ್ಚಿ ನಮಗೂ ಕೊಟ್ಟು, ಸೇತುವೆ ಮೇಲೆ ಹೋಗುವ ಬಸ್ಸು ಹತ್ತಿ ಹತ್ತೇ ನಿಮಿಷದಲ್ಲಿ ಆಚೆ ದಡ ಸೇರಿಕೊಂಡರು.

ವಾಪಸು ಬರುವಾಗ ಓಮ್ನಿ ಆವಿನಹಳ್ಳಿ ದಾಟಿದ ಮೇಲೆ ನಾನೇ, ಏನೇ ಆಗಲಿ ಒಪ್ಪಂದ ಒಪ್ಪಂದವೇ ಎಂದೆ. ನೂರು ಜನ ಕೇಳಬೇಕು ಎಂದಿತ್ತು, ನೂರಾ ನಲವತ್ತೇಳು ಜನ ಏಳು ಹಾಡನ್ನೂ ಪೂರ್ತಿ ಕೇಳಿದ್ದಾರೆ, ಎಣಿಸಿದವಳು ನೀನೇ.

ಶೇಷಮ್ಮ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು:

"ಅವ್ರು ಕೇಳಿದ್ದಲ್ಲ ಕಣ್ರೀ, ಯಾವಾಗ ಮುಗಿಯುತ್ತೆ ಅಂತ ಕಾದಿದ್ದು. ಮೂವತ್ತೈದು ವರ್ಷದಿಂದ ನಾನು ಮಾಡ್ತಾ ಇರೋದೂ ಅದನ್ನೇ."